ಕಥೆ ಬಲ್ಲವರ ಕಲಹ

ಬೆಜವಾಡವೆಂದು ಪೂರ್ವದಲ್ಲಿ ಕರೆಯಿಸಿಕೊಳ್ಳುತ್ತಿದ್ದ ವಿಜಯವಾಡದಿಂದ ಮೊದಲಾಗಿ ವಿಶಾಖಪಟ್ಟಣದ ಆಚೆಯವರೆಗೂ ಹಬ್ಬಿರುವ ತೆಲುಗು ಕರಾವಳಿಯ ಊರುಗಳಲ್ಲಿ, ಇರುಳೂಟವಾದ ಮೇಲೆ ಆರಂಭವಾಗಿ ಬೆಳಗಿನ ಜಾವದವರೆಗೆ ಸಾಗುತ್ತಿದ್ದ ಕುರುಕ್ಷೇತ್ರದ ನಾಟಕದಲ್ಲಿ ಶ್ರೀಕೃಷ್ಣನು ಒಬ್ಬನೇ ಆಗಿರಬೇಕೆಂಬ ನಿಯಮವಿರಲಿಲ್ಲ. ದ್ವಾರಕೆಯಲ್ಲಿ ಪವಡಿಸಿದ್ದು ಅರ್ಜುನ ದುರ್ಯೋಧನರನ್ನು ಎದುರುಗೊಳ್ಳುವ ಕೃಷ್ಣನು ಒಬ್ಬ ನಟ, ಸಂಧಾನಕ್ಕೆಂದು ಕೌರವರ ಸಭೆಯನ್ನು ಹೊಗುವ ಕೃಷ್ಣನು ಇನ್ನೊಬ್ಬ, ರಣರಂಗದಲ್ಲಿ ರಥದ ಮೇಲೆ ನಿಲ್ಲುವವನು ಮತ್ತೊಬ್ಬ. ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ಅವರಿಗೆ ಎಣಿಕೆಯ ಹೆಸರುಗಳೇ ಇದ್ದುವು. ನೋಡುವವರಿಗೆ ಇದು ವಿಪರೀತವಾಗಿ ತೋರುತ್ತಿರಲಿಲ್ಲ. ಒಬ್ಬನೇ ದೇವರನ್ನು ಮೂವರು ಹಾಡುವುದನ್ನು ಕೇಳಿ, ಅವರೊಳಗೆ ಯಾರು ಮೇಲೆಂಬುದನ್ನು ತೀರ್ಮಾನಿಸುವ ಅವಕಾಶವಿದ್ದುದರಿಂದಲೇ ಅವರು ದೂರದ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ಭಾರತದ ಕಥೆಯ ಕೊನೆಯೇನೆಂಬುದು ಅಲ್ಲಿ ನೆರೆದವರಲ್ಲಿ ಎಳೆಯ ಮಗುವಿಗೂ ಗೊತ್ತಿದ್ದ ಸಂಗತಿ. ಸಂಧಾನ ಮುರಿಯುತ್ತದೆ, ಕರ್ಣ ಬೀಳುತ್ತಾನೆ, ದುರ್ಯೋಧನನ ತೊಡೆ ಮುರಿಯುತ್ತದೆ. ಇದರಲ್ಲಿ ಕುತೂಹಲಕ್ಕೆ ಎಡೆಯೆಲ್ಲಿ? ಆದರೂ ನಾಟಕ ಮುಗಿದು ಕಾಲುವೆಯ ಏರಿ ಹಿಡಿದು ಮನೆಗೆ ಹಿಂದಿರುಗುವ ಜನರ ನಡುವೆ ಹುಟ್ಟುತ್ತಿದ್ದ ವಾಗ್ವಾದ, ಅಪರಾಧಿ ಯಾರೆಂದು ತಿಳಿಯದ ಪತ್ತೇದಾರಿ ಕಾದಂಬರಿಯ ಓದುಗರಲ್ಲಿಯೂ ಹುಟ್ಟಲಾರದು. ಎರಡನೆಯ ಕೃಷ್ಣನು ನಾಲ್ಕನೆಯ ಪಾದದ ಕೊನೆಯಲ್ಲಿ ರಾಗವನ್ನು ಅಷ್ಟು ದೂರ ಎಳೆದುದು ಉಚಿತವೇ? ಕೋಪದ ಪದ್ಯಕ್ಕೆ ಮೋಹನ ಸಲ್ಲುತ್ತದೆಯೇ? ಹಾರ್ಮೋನಿಯಂನವನು ನಟನನ್ನು ಹಿಂಬಾಲಿಸಿದನೋ, ಬೇಕೆಂದೇ ಮುಂದೆ ಓಡಿ ಅವನನ್ನು ಸಿಕ್ಕಿಸಿದನೋ? ಕಥೆಯಲ್ಲಿ ರಹಸ್ಯವೇ ಉಳಿಯದಿದ್ದುದರಿಂದ ಆ ಜನರು ಸಂಗೀತದಲ್ಲಿ ರಹಸ್ಯವನ್ನು ಕಂಡುಕೊಂಡರೆಂದು ನನ್ನ ಊಹೆ. ಆ ಕರಾವಳಿಯ ರಂಗಭೂಮಿಯ, ಅದರಿಂದ ಹುಟ್ಟಿದ ಸಿನಿಮಾದ ಇತಿಹಾಸವನ್ನು ಈ ಒಂದು ಎಳೆಯನ್ನು ಹಿಡಿದೇ ಓದಬಹುದು.

ಈ ಇತಿಹಾಸದ ಮೊದಲ ಪುಟಗಳಲ್ಲಿ ನಮ್ಮ ನಾಡಿನ ಹೆಸರು ಇರುವುದನ್ನು ಕನ್ನಡಿಗರು ಅಷ್ಟಾಗಿ ಗಮನಿಸಿಲ್ಲ. ಧಾರವಾಡದ ನಾಟಕ ಕಂಪನಿಯೊಂದು ಗೋದಾವರಿ ತೀರದ ರಾಜಮಹೇಂದ್ರಿಗೆ ಹೋಗಿ, ಚಪ್ಪರ ಹಾಕಿ, ಕೆಲಕಾಲ ಆಡಿ, ಊರು ಬಿಟ್ಟಿತು. ಅದು ಬಿಟ್ಟುಹೋದ ರಂಗಸ್ಥಳವನ್ನೇ ಬಳಸಿಕೊಂಡು 1880ರಲ್ಲಿ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ವಿದ್ಯಾರ್ಥಿಗಳಿಂದ ತೆಲುಗು ನಾಟಕಗಳನ್ನಾಡಿಸಿದರು. ಅದೇ ದಶಕದಲ್ಲಿ, ಕನ್ನಡ ತೆಲುಗುಗಳೆರಡೂ ಒಂದೇ ಬೀದಿಯಲ್ಲಿ ಓಡಾಡುವ ಬಳ್ಳಾರಿಯಲ್ಲಿ, ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ಸರಸವಿನೋದಿನಿ ಸಭೆಯನ್ನು ಕಟ್ಟಿ, ಹಾಡುಗಳಿಂದ ತುಂಬಿದ ನಾಟಕಗಳನ್ನು ತಾವೇ ಬರೆದು ತಾವೇ ಆಡಿದರು. ತೆಲುಗರು ಅವರನ್ನು ಆಂಧ್ರ ನಾಟಕ ಪಿತಾಮಹರೆಂದು ಗೌರವಿಸುತ್ತಾರೆ. ಅದೇ ಊರಿನಲ್ಲಿ ಕೋಲಾಚಲಂ ಶ್ರೀನಿವಾಸರಾಯರು ಚಾರಿತ್ರಿಕ ನಾಟಕಗಳ ಇನ್ನೊಂದು ಪಕ್ಷವನ್ನು ಕಟ್ಟಿದ್ದುದರಿಂದ, ಪ್ರೇಕ್ಷಕರು ಎರಡಾಗಿ ಒಡೆದು ವಾದಿಸುವ ಪದ್ಧತಿಗೂ ಬಳ್ಳಾರಿಯಲ್ಲಿಯೇ ನೀರೆರೆಯಲಾಯಿತೆಂದರೆ ತಪ್ಪಾಗದು.

ಆದರೆ ಹಾಡಿಗಿಂತಲೂ ಹೆಚ್ಚಾಗಿ ಕರಾವಳಿಯ ಮನಸ್ಸನ್ನು ಸೂರೆಗೊಂಡುದು ಪದ್ಯ. ತಿರುಪತಿ ವೆಂಕಟ ಕವಿಗಳೆಂದು ಜೋಡಿಯಾಗಿ ಪ್ರಸಿದ್ಧರಾದ ದಿವಾಕರ್ಲ ತಿರುಪತಿ ಶಾಸ್ತ್ರಿ, ಚೆಳ್ಳಪಿಳ್ಳ ವೆಂಕಟಶಾಸ್ತ್ರಿಗಳು ಶತಾವಧಾನಿಗಳಾಗಿ ಸಂಸ್ಥಾನದಿಂದ ಸಂಸ್ಥಾನಕ್ಕೆ ಸಂಚರಿಸಿದ ವಿದ್ವಾಂಸರು. ಅವರು ಪಾಂಡವರ ಕಥೆಯನ್ನು ಕುರಿತು ಬರೆದ ನಾಟಕಗಳ ಪದ್ಯಗಳು, ಅಕ್ಷರ ಬಾರದವರ ನಾಲಗೆಯ ಮೇಲೂ ನಿಂತುವು. ಇಲ್ಲಿ ಕನ್ನಡದ ಓದುಗನು ಒಂದು ಕ್ಷಣ ತಡೆದು ನಿಲ್ಲಬೇಕು. ಉತ್ಪಲಮಾಲೆ, ಚಂಪಕಮಾಲೆ, ಶಾರ್ದೂಲವಿಕ್ರೀಡಿತ, ಮತ್ತೇಭವಿಕ್ರೀಡಿತಗಳು ನಮ್ಮಲ್ಲಿ ಖ್ಯಾತಕರ್ನಾಟಕವೆಂದು ಹೆಸರು ಪಡೆದ ವೃತ್ತಗಳು. ಪಂಪ ರನ್ನರ ತರುವಾಯ ರಗಳೆ, ಷಟ್ಪದಿ, ಸಾಂಗತ್ಯಗಳ ಕಾಲ ಬಂದು ಅವು ಕ್ರಮೇಣ ಪಂಡಿತರ ಪಾಲಿಗೆ ಉಳಿದುವು. ತೆಲುಗು ಕರಾವಳಿಯಲ್ಲಾದರೋ ಅವೇ ವೃತ್ತಗಳು ಇಪ್ಪತ್ತನೆಯ ಶತಮಾನದಲ್ಲಿ ಹೊಲದಲ್ಲಿ ಉಳುವವನ, ರಿಕ್ಷಾ ಎಳೆಯುವವನ ಬಾಯಲ್ಲಿ ಕೇಳಿಬರುತ್ತಿದ್ದುವು. ನಮಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೇ ಸರಿ.

ಪದ್ಯವನ್ನು ರಂಗದ ಮೇಲೆ ಹೇಳುವ ಕ್ರಮವೂ ವಿಶಿಷ್ಟವಾದುದು. ಮೊದಲ ಮೂರು ಪಾದಗಳನ್ನು ನಟನು ಅರ್ಥ ತಿಳಿಯುವಂತೆ, ಮಾತಿಗೆ ಹತ್ತಿರವಾಗಿ, ತಕ್ಕಮಟ್ಟಿಗೆ ವೇಗವಾಗಿ ನಡೆಸುತ್ತಾನೆ. ನಾಲ್ಕನೆಯ ಪಾದದ ಕೊನೆಗೆ ಬಂದಾಗ ಮಾತು ಮುಗಿದು ಕೇವಲ ಸ್ವರ ಉಳಿಯುತ್ತದೆ, ಆ ಸ್ವರವು ತಾರಸ್ಥಾಯಿಗೆ ಏರಿ, ಅಲ್ಲಿ ಸುತ್ತಾಡಿ, ಹಾರ್ಮೋನಿಯಂನೊಡನೆ ಸರಸವನ್ನೋ ಸಮರವನ್ನೋ ಮಾಡಿ ಇಳಿಯುವ ಹೊತ್ತಿಗೆ ಸಭೆಯಿಂದ 'ಒನ್ಸ್ ಮೋರ್' ಎಂಬ ಕೂಗು ಏಳುತ್ತದೆ. ಪದ್ಯ ಮರಳಿ ಮೊದಲಿನಿಂದ. ಎದುರಿಗೆ ನಿಂತ ದುರ್ಯೋಧನನು ಅಷ್ಟು ಹೊತ್ತೂ ಮೀಸೆಯ ಮೇಲೆ ಕೈಯಿಟ್ಟುಕೊಂಡು ತನ್ನ ಸರದಿಗಾಗಿ ಕಾಯಬೇಕು. ಸತ್ತು ಬಿದ್ದ ಪಾತ್ರವು ಎದ್ದು ಮತ್ತೊಮ್ಮೆ ಹಾಡಿ ಮರಳಿ ಸತ್ತಿತೆಂಬ ಪರಿಹಾಸದ ಮಾತು ನಮ್ಮ ಕಂಪನಿ ನಾಟಕಗಳ ವಿಷಯದಲ್ಲಿಯೂ ಉಂಟಷ್ಟೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೈಲುದಾರಿಗಳು ಬಂದು ಕೂಡಿದ ಮೇಲೆ ಬೆಜವಾಡವು ದೊಡ್ಡ ಜಂಕ್ಷನ್ನಾಯಿತು. ಇದು ನಾಟಕದ ಸ್ವರೂಪವನ್ನೇ ಬದಲಿಸಿತು. ತೆನಾಲಿಯಿಂದ ಒಬ್ಬನನ್ನು, ಏಲೂರಿನಿಂದ ಒಬ್ಬನನ್ನು, ಗುಡಿವಾಡದ ಕಡೆಯಿಂದ ಇನ್ನೊಬ್ಬನನ್ನು ಒಂದು ರಾತ್ರಿಯ ಮಟ್ಟಿಗೆ ಕರೆಸಿ, ಒಟ್ಟಿಗೆ ತಾಲೀಮು ಮಾಡದ ನಟರನ್ನು ಒಂದೇ ರಂಗದ ಮೇಲೆ ನಿಲ್ಲಿಸುವ 'ಸ್ಪೆಷಲ್ ನಾಟಕ'ದ ಪದ್ಧತಿಯು, ಕಂಟ್ರಾಕ್ಟರುಗಳ ಕೈಯಲ್ಲಿ ಒಳ್ಳೆಯ ವ್ಯಾಪಾರವಾಗಿ ಬೆಳೆಯಿತು. ತಾಲೀಮಿಲ್ಲದೆ ಆಡಲು ಸಾಧ್ಯವಾದುದಕ್ಕೆ ಕಾರಣ, ಪದ್ಯಗಳು ಎಲ್ಲರಿಗೂ ಕಂಠಸ್ಥವಾಗಿದ್ದುದು. ಕಥಾಸಂದರ್ಭವು ನೆಪಮಾತ್ರವಾಗಿ, ನಾಟಕವು ಗಾಯಕರ ಪಂದ್ಯವಾಯಿತು. ಕಪಿಲವಾಯಿ ರಾಮನಾಥ ಶಾಸ್ತ್ರಿಗಳಂಥ ನಟಗಾಯಕರ ಕಂಠವು ಗ್ರಾಮಫೋನಿನ ಪ್ಲೇಟುಗಳ ಮೂಲಕ ಮನೆಮನೆಗೆ ಹೋದುದರಿಂದ, ನಾಟಕವನ್ನೇ ನೋಡದವರೂ ಅದರ ಪದ್ಯದ ಗುಣದೋಷಗಳನ್ನು ಚರ್ಚಿಸತೊಡಗಿದರು. ತೆನಾಲಿಯ ಸ್ಥಾನಂ ನರಸಿಂಹರಾಯರು ಸ್ತ್ರೀಪಾತ್ರದಲ್ಲಿ ಸೀರೆಯ ನೆರಿಗೆಯನ್ನು ಸರಿಪಡಿಸಿಕೊಳ್ಳುವ ರೀತಿಯನ್ನು ಕುರಿತೂ, ಕಲ್ಯಾಣಂ ರಘುರಾಮಯ್ಯನವರು ಪದ್ಯದ ನಡುವೆ ನಾಲಗೆಯ ಕೆಳಗೆ ಬೆರಳಿಟ್ಟು ಊದುತ್ತಿದ್ದ ಸಿಳ್ಳಿನ ಸಂಗೀತವನ್ನು ಕುರಿತೂ ನಡೆದ ವಾದಗಳಿಗೆ ಲೆಕ್ಕವಿಲ್ಲ.

ಈ ಮಹಾಪ್ರವಾಹಕ್ಕೆ ಎದುರಾಗಿ ಈಜಿದವರು ಮತ್ತೆ ಬಳ್ಳಾರಿಯವರೇ. ಧರ್ಮವರಂ ಅವರ ಸೋದರಳಿಯ, ವೃತ್ತಿಯಿಂದ ವಕೀಲ, ಕನ್ನಡ ತೆಲುಗು ಇಂಗ್ಲಿಷುಗಳಲ್ಲಿ ಸಮನಾಗಿ ನಟಿಸಬಲ್ಲವರಾಗಿದ್ದ ಬಳ್ಳಾರಿ ರಾಘವಾಚಾರ್ಯರು, ಸೋದರಮಾವನು ರಂಗಕ್ಕೆ ತಂದ ಸಂಗೀತವನ್ನೇ ರಂಗದಿಂದ ಹೊರಗೆ ಕಳುಹಿಸಬೇಕೆಂದು ಹಟ ಹಿಡಿದರು. ಪಾತ್ರದ ದುಃಖವನ್ನು ರಾಗದ ವಿಸ್ತಾರವು ನುಂಗಿಬಿಡುತ್ತದೆ, ಪದ್ಯವನ್ನು ಭಾವವರಿತು ನುಡಿದರೆ ಸಾಕು ಎಂಬುದು ಅವರ ಮತ. ಅವರು ನುಡಿದರು, ಹಾಡಲಿಲ್ಲ. 1946ರಲ್ಲಿ ಅವರು ತೀರಿಕೊಳ್ಳುವವರೆಗೂ, ಬಳಿಕವೂ, ರಾಘವಪಕ್ಷದವರೆಂದೂ ಪದ್ಯಪಕ್ಷದವರೆಂದೂ ರಸಿಕರಲ್ಲಿ ಎರಡು ಪಂಗಡಗಳು ಉಳಿದುವು. ನನ್ನ ಅಭಿಪ್ರಾಯವನ್ನು ಕೇಳಿದರೆ, ರಾಘವರ ವಾದವು ತರ್ಕಕ್ಕೆ ಸರಿಯಾದುದು, ಆ ನೆಲಕ್ಕೆ ಪೂರ್ತಿಯಾಗಿ ಒಗ್ಗದುದು. ಕೊನೆಯನ್ನು ಬಲ್ಲ ಪ್ರೇಕ್ಷಕನಿಗೆ ನಾಟಕದಲ್ಲಿ ಹೊಸದಾಗಿ ಸಂಭವಿಸಬಹುದಾದುದು ನಟನ ಕಂಠದೊಳಗೆ ಮಾತ್ರ. ಅದನ್ನೂ ಕಿತ್ತುಕೊಂಡರೆ ರಾಘವರಷ್ಟೇ ಪ್ರತಿಭೆಯುಳ್ಳ ನಟನೊಬ್ಬನು ಪ್ರತಿ ರಾತ್ರಿಯೂ ಬೇಕಾಗುತ್ತದೆ.

ಇನ್ನು ಉತ್ತರದ ಕಡೆಗೆ ಹೋಗೋಣ. ಅಂದಿನ ವಿಶಾಖಪಟ್ಟಣ ಜಿಲ್ಲೆಯು ಇಂದಿನದಕ್ಕಿಂತ ಬಹಳ ದೊಡ್ಡದು; ವಿಜಯನಗರಂ, ಬೊಬ್ಬಿಲಿ, ಸಾಲೂರು ಸೀಮೆಗಳೆಲ್ಲ ಅದರೊಳಗೇ ಇದ್ದುವು. ಈ ವಿಜಯನಗರಂ ನಮ್ಮ ಹಂಪೆಯ ವಿಜಯನಗರವಲ್ಲವೆಂದು ನೆನಪಿಸುವುದು ಅಗತ್ಯ; ಇದು ಗಜಪತಿ ರಾಜರ ಸಂಸ್ಥಾನ. ಗುರಜಾಡ ಅಪ್ಪಾರಾಯರ 'ಕನ್ಯಾಶುಲ್ಕಂ' ಎಂಬ ಆಡುಮಾತಿನ ನಾಟಕವು ಅಲ್ಲಿ 1892ರಲ್ಲಿಯೇ ರಂಗವೇರಿ, ಪದ್ಯವಿಲ್ಲದೆಯೂ ತೆಲುಗು ನಾಟಕ ನಿಲ್ಲಬಲ್ಲದೆಂದು ತೋರಿಸಿತ್ತು. ಅದೇ ಊರಿನಲ್ಲಿ 1919ರಲ್ಲಿ ಮಹಾರಾಜರು ಸಂಗೀತ ಕಾಲೇಜನ್ನು ಸ್ಥಾಪಿಸಿ, ಹರಿಕಥಾ ಪಿತಾಮಹರಾದ ಆದಿಭಟ್ಲ ನಾರಾಯಣದಾಸರನ್ನು ಅದರ ಮೊದಲ ಅಧ್ಯಕ್ಷರನ್ನಾಗಿ ಕೂರಿಸಿದರು. ಪಿಟೀಲಿನ ದ್ವಾರಂ ವೆಂಕಟಸ್ವಾಮಿ ನಾಯುಡು ಅವರು ಅಲ್ಲಿಯೇ ಬೋಧಿಸಿದರು. 1922ರಲ್ಲಿ ಹುಟ್ಟಿದ ಇಬ್ಬರು ಬಾಲಕರ ಕಥೆಗಳು ಇಲ್ಲಿ ಒಂದಕ್ಕೊಂದು ತಗಲುತ್ತವೆ. ಒಬ್ಬರು ಸಾಲೂರಿನ ಹತ್ತಿರದ ಶಿವರಾಮಪುರದ ರಾಜೇಶ್ವರರಾಯರು. ಹದಿಮೂರನ್ನು ಮುಟ್ಟುವ ಹೊತ್ತಿಗಾಗಲೇ ಸಿನಿಮಾದಲ್ಲಿ ಬಾಲಕೃಷ್ಣನಾಗಿ ಹಾಡಿದವರು. ಇನ್ನೊಬ್ಬರು ಕೃಷ್ಣಾ ಜಿಲ್ಲೆಯ, ಗುಡಿವಾಡದ ಸಮೀಪದ ಚೌಟಪಲ್ಲಿಯಲ್ಲಿ ಹುಟ್ಟಿದ ಘಂಟಸಾಲ ವೆಂಕಟೇಶ್ವರರಾಯರು. ಸಂಗೀತ ಕಲಿಯುವ ಹಂಬಲದಿಂದ ವಿಜಯನಗರಂಗೆ ಬಂದು, ಮನೆಮನೆಯ ಮಧುಕರದ ಅನ್ನವನ್ನು ಉಂಡು, ಪಟ್ರಾಯನಿ ಸೀತಾರಾಮ ಶಾಸ್ತ್ರಿಗಳ ಶಿಷ್ಯರಾಗಿ, 1942ರ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡು, ಬಳಿಕ ಮದರಾಸಿಗೆ ಹೋದವರು.

ಈ ಇಬ್ಬರ ಹೆಸರುಗಳನ್ನು ಹಿಡಿದು ಇಂದಿಗೂ ವಾದ ನಡೆಯುವುದಕ್ಕೆ ಕಾರಣವಾದ ಕೃತಿ, ವಿಜಯಾ ಸಂಸ್ಥೆಯವರು 1957ರ ಮಾರ್ಚ್ 27ರಂದು ಬಿಡುಗಡೆ ಮಾಡಿದ 'ಮಾಯಾಬಜಾರ್'. ಶಶಿರೇಖಾ ಅಭಿಮನ್ಯುಗಳ ವಿವಾಹದ ಈ ಕಥೆ ವ್ಯಾಸಭಾರತದಲ್ಲಿ ಇಲ್ಲ. ಜನರ ಬಾಯಲ್ಲಿ ಬೆಳೆದು, ಸುರಭಿ ನಾಟಕ ಮಂಡಲಿಯವರ ರಂಗದ ಮೇಲೆ ಅನೇಕ ಯಾಂತ್ರಿಕ ಚಮತ್ಕಾರಗಳೊಡನೆ ನಲಿದು, ಬೆಳ್ಳಿತೆರೆಗೆ ಬಂದುದು. ನಿರ್ದೇಶಕ ಕೆ. ವಿ. ರೆಡ್ಡಿಯವರು ತಾಡಿಪತ್ರಿಯ ಕಡೆಯವರು, ಎಂದರೆ ನಮ್ಮ ಬಳ್ಳಾರಿಯ ನೆರೆಯವರು. ಅದರಲ್ಲಿ ಪ್ರಿಯದರ್ಶಿನಿ ಎಂಬ ಒಂದು ಪೆಟ್ಟಿಗೆಯುಂಟು. ಮುಚ್ಚಳವನ್ನು ತೆರೆದರೆ ದೂರದಲ್ಲಿರುವ ಪ್ರಿಯವ್ಯಕ್ತಿಯು ಚಲಿಸುವ ಚಿತ್ರವಾಗಿ ಕಾಣಿಸಿಕೊಂಡು ಮಾತಾಡುತ್ತಾನೆ, ಹಾಡುತ್ತಾನೆ. ಭಾರತದಲ್ಲಿ ಟೆಲಿವಿಷನ್ ಪ್ರಸಾರವೇ ಆರಂಭವಾಗದಿದ್ದ ಕಾಲದಲ್ಲಿ ಪಿಂಗಳಿ ನಾಗೇಂದ್ರರಾಯರ ಲೇಖನಿ ಇದನ್ನು ಸೃಷ್ಟಿಸಿತು. ಇಂದಿನ ಹುಡುಗರು ಅದನ್ನು ಲ್ಯಾಪ್‌ಟಾಪ್ ಎಂದು ಕರೆದು ನಗುತ್ತಾರೆ. ವಿಜ್ಞಾನಕಥೆ ಎಂಬ ಹೆಸರನ್ನು ಕೊಡದೆ ವಿಜ್ಞಾನಕಥೆಯ ಆನಂದವನ್ನು ಕೊಟ್ಟುದು ಆ ಚಿತ್ರದ ಸಾಹಸ.

ಅದರಲ್ಲಿ ಇನ್ನೊಂದು ಒಗಟೂ ಅಡಗಿದೆ. ವರನ ತಂದೆ ಅರ್ಜುನನಾಗಲಿ, ದೊಡ್ಡಪ್ಪ ಧರ್ಮರಾಯನಾಗಲಿ, ಐವರು ಪಾಂಡವರಲ್ಲಿ ಒಬ್ಬನಾಗಲಿ ಇಡೀ ಚಿತ್ರದಲ್ಲಿ ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ. ಪಾಂಡವರಿಲ್ಲದ ಭಾರತವನ್ನು ಜನರು ಮೂರು ಗಂಟೆ ನೋಡಿ, ತೃಪ್ತರಾಗಿ, ಎದ್ದುಹೋದರು. ಎಷ್ಟೋ ಜನಕ್ಕೆ ಇನ್ನೊಬ್ಬರು ತೋರಿಸಿಕೊಡುವವರೆಗೆ ಆ ಕೊರತೆ ಗೋಚರಿಸಿಯೇ ಇರಲಿಲ್ಲ. ಅವರ ವಾದವೆಲ್ಲ ಹಾಡುಗಳ ಮೇಲೆ. ರಾಜೇಶ್ವರರಾಯರು ಮೊದಲು ಸಂಗೀತದ ಹೊಣೆ ಹೊತ್ತು, ನಾಲ್ಕು ಹಾಡುಗಳಿಗೆ ಧಾಟಿ ಕಟ್ಟಿ, ಚಿತ್ರದಿಂದ ಹೊರಬಂದರು. ಆ ಧಾಟಿಗಳಿಗೆ ವಾದ್ಯಮೇಳವನ್ನು ಕೂಡಿಸಿ, ಉಳಿದ ಹಾಡುಗಳನ್ನೂ ಪದ್ಯಗಳನ್ನೂ ರಚಿಸಿ ಮುಗಿಸಿದವರು ಘಂಟಸಾಲ. ಸಂಗೀತಕರ್ತೃವಿನ ಪಟ್ಟವೂ ಅವರಿಗೇ ಸಂದಿತು. ಮಾರ್ಕಸ್ ಬಾರ್ಟ್ಲೆಯವರ ಕ್ಯಾಮೆರಾ ಹುಟ್ಟಿಸಿದ ಬೆಳದಿಂಗಳಿನಲ್ಲಿ ಮೂರು ಜೋಡಿಗಳನ್ನು ಒಂದೊಂದಾಗಿ ಹೊತ್ತು ತೇಲುವ ದೋಣಿಯ ಆ ಮೋಹನರಾಗದ ಹಾಡು ಯಾರದು? ಧಾಟಿ ಕಟ್ಟಿದ ಸಾಲೂರಿನವರದೋ, ಅದನ್ನು ಅಲಂಕರಿಸಿ ತಮ್ಮ ಕಂಠದಿಂದಲೇ ಹಾಡಿದ ಚೌಟಪಲ್ಲಿಯವರದೋ? ವಿಶಾಖಪಟ್ಟಣದ ಕಡೆಯ ಅಭಿಮಾನಿಯು ಒಂದು ಉತ್ತರವನ್ನೂ ವಿಜಯವಾಡದ ಕಡೆಯವನು ಇನ್ನೊಂದನ್ನೂ ಕೊಡುವುದು ಸ್ವಾಭಾವಿಕ. ಧಾಟಿಯೇ ಹಾಡಿನ ಜೀವವೆಂದು ನಂಬುವ ನಾನು ರಾಜೇಶ್ವರರಾಯರ ಪಕ್ಷ. ಆದರೆ ಘಂಟಸಾಲರ ಪಕ್ಷದವರು ಆ ಹಾಡಿನ ಲಯದಲ್ಲಿ ದೋಣಿಯ ಓಲಾಟವನ್ನು ತೋರಿಸಿಕೊಟ್ಟಾಗ ಉತ್ತರ ಹೇಳುವುದು ಕಷ್ಟ. ಘಟೋತ್ಕಚನು ಮದುವೆಯ ಅಡುಗೆಯನ್ನು ಒಬ್ಬನೇ ಉಂಡು ನಗುವ ಹಾಡಿನದಂತೂ ಬೇರೆಯೇ ವ್ಯಾಜ್ಯ: ಅದರ ಮೂಲವನ್ನು ಕೆಲವರು ಸುರಭಿಯವರ ರಂಗದಲ್ಲಿ ಹುಡುಕುತ್ತಾರೆ, ಇನ್ನು ಕೆಲವರಿಗೆ ಅದರ ನಗೆಯಲ್ಲಿ ಚಾರ್ಲ್ಸ್ ಪೆನ್ರೋಸ್ ಎಂಬ ಆಂಗ್ಲ ವಿನೋದಗಾಯಕನು 1922ರಲ್ಲಿ ಪ್ಲೇಟಿಗೆ ಕೊಟ್ಟ ನಗುವ ಪೊಲೀಸಿನವನ ಹಾಡು ಕೇಳಿಸುತ್ತದೆ.

ಘಂಟಸಾಲರು ಮಾಡಿದ ದೊಡ್ಡ ಕೆಲಸವೊಂದು ಈ ಜಗಳದ ಗದ್ದಲದಲ್ಲಿ ಮರೆಯಾಗಬಾರದು. ರಂಗದ ಪದ್ಯವನ್ನು ಸಿನಿಮಾಕ್ಕೆ ತಂದಾಗ ಅವರು ನಾಲ್ಕನೆಯ ಪಾದದ ಆ ದೀರ್ಘ ರಾಗವನ್ನು ಮೊಟಕುಗೊಳಿಸಿ, ಅಕ್ಷರಗಳನ್ನು ಸ್ಫುಟವಾಗಿ ಉಚ್ಚರಿಸಿ, ರಾಗವನ್ನು ಪಾತ್ರದ ಭಾವಕ್ಕೆ ಅಧೀನವಾಗಿರಿಸಿದರು. ರಾಘವರು ಬೇಡಿದ ಭಾವವೂ ಉಳಿಯಿತು, ಕರಾವಳಿ ಬಿಡಲೊಲ್ಲದ ಸಂಗೀತವೂ ಉಳಿಯಿತು. ಕಾಲವೂ ಅದಕ್ಕೆ ಅನುಕೂಲವಾಗಿತ್ತು. 1948ರ ಡಿಸೆಂಬರ್ 1ರಂದು ವಿಜಯವಾಡದಲ್ಲಿಯೂ 1963ರಲ್ಲಿ ವಿಶಾಖಪಟ್ಟಣದಲ್ಲಿಯೂ ಆಕಾಶವಾಣಿ ಕೇಂದ್ರಗಳು ಆರಂಭವಾದುವು. ರೇಡಿಯೋದ ಮುಂದೆ ಕುಳಿತು 'ಒನ್ಸ್ ಮೋರ್' ಎಂದು ಕೂಗಿದರೆ ಕೇಳುವವರಾರು? ಇರುಳಿಡೀ ನಡೆಯುವ ನಾಟಕವು ಗಡಿಯಾರದ ಮುಳ್ಳಿಗೆ ತಲೆಬಾಗಿತು. ರಂಗದ ಪದ್ಯವಾದರೋ ತನ್ನ ಹಳೆಯ ಉದ್ದದಲ್ಲಿಯೇ ಮುಂದುವರಿದು, ಬೊಬ್ಬಿಲಿಯ ಸೀಮೆಯ ಪೀಸಪಾಟಿ ನರಸಿಂಹಮೂರ್ತಿಯವರ ಕೃಷ್ಣನನ್ನು ಕೇಳಿದವರು ಸಿನಿಮಾದ ಪದ್ಯವನ್ನು ಅರೆಹೊಟ್ಟೆಯ ಊಟವೆಂದು ಹಳಿಯಲು ಕಾರಣವಾಯಿತು.

ಮಾಯಾಬಜಾರಿನಲ್ಲಿ ಕೆ. ವಿ. ರೆಡ್ಡಿಯವರಿಗೆ ಸಹಾಯಕರಾಗಿದ್ದ ತರುಣರೊಬ್ಬರು, ರಾಜಕುಮಾರರ 'ಹಾಲು ಜೇನು', 'ಚಲಿಸುವ ಮೋಡಗಳು' ಚಿತ್ರಗಳಿಂದ ಕನ್ನಡಿಗರಿಗೂ ಆಪ್ತರಾದ ಸಿಂಗೀತಂ ಶ್ರೀನಿವಾಸರಾಯರು, 1991ರಲ್ಲಿ 'ಆದಿತ್ಯ 369' ಎಂಬ ಚಿತ್ರದಲ್ಲಿ ಕಾಲಯಂತ್ರವೊಂದನ್ನು ತೆಲುಗಿಗೆ ತಂದರು. ಎಚ್. ಜಿ. ವೆಲ್ಸರ ಯಂತ್ರವದು, ಅದು ಹೋಗಿ ಇಳಿದುದು ಕೃಷ್ಣದೇವರಾಯನ ಆಸ್ಥಾನದಲ್ಲಿ. ಕದ್ದ ವಜ್ರದ ಜಾಡನ್ನು ಹಿಡಿದು ಹೊರಟ ಕಥೆಯು ರಾಯನ ಸಭೆಯ ಹಾಡಿಗಾಗಿ ನಿಂತು, ಇಳೆಯರಾಜರ ಸಂಗೀತವನ್ನು ಸಾವಧಾನವಾಗಿ ಕೇಳಿ, ಬಳಿಕ ಭವಿಷ್ಯಕ್ಕೆ ತೆರಳುತ್ತದೆ. ಪದ್ಯನಾಟಕದ ರಕ್ತ ಇನ್ನೂ ಆರಿರಲಿಲ್ಲ.

ಕಥೆಯು ಸಂಗೀತಕ್ಕೆ ದಾರಿ ಬಿಟ್ಟು ನಿಲ್ಲುವ ಈ ಪದ್ಧತಿಗೆ ತೀರ ವಿರುದ್ಧವಾದ ಒಂದು ಉದಾಹರಣೆಯನ್ನು ದೂರದ ಅಮೆರಿಕದಿಂದ ತೆಗೆದುಕೊಳ್ಳಬಹುದು. 'ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ' ಎಂಬ ವಿಜ್ಞಾನಕಥೆಯ ಧಾರಾವಾಹಿಯಲ್ಲಿ, ನಾಶವಾದ ತಮ್ಮ ಲೋಕಗಳನ್ನು ಬಿಟ್ಟು ಬಾಹ್ಯಾಕಾಶದಲ್ಲಿ ಅಲೆಯುವ ಮನುಷ್ಯರ ನಡುವೆ ನಾಲ್ವರ ಕಿವಿಗೆ ಎಲ್ಲಿಂದಲೋ ಒಂದು ಹಾಡು ಕೇಳಿಸುತ್ತದೆ. ಅದು ನಮ್ಮ ಭೂಮಿಯ ಬಾಬ್ ಡಿಲನ್ 1967ರಲ್ಲಿ ರಚಿಸಿದ ಹಾಡು, ಧಾರಾವಾಹಿಗೆ ಅದನ್ನು ಹೊಸದಾಗಿ ಅಳವಡಿಸಿದವರು ಬೇರ್ ಮೆಕ್ರೀರಿ. 2009ರ ಮಾರ್ಚ್ 20ರಂದು ಪ್ರಸಾರವಾದ ಕೊನೆಯ ಕಂತಿನಲ್ಲಿ ಕಾರಾ ಥ್ರೇಸ್ ಎಂಬ ವಿಮಾನಚಾಲಕಿಯು ಆ ಹಾಡಿನ ಸ್ವರಗಳಿಗೆ ತಾನಿಟ್ಟ ಅಂಕೆಗಳನ್ನೇ ಹಡಗಿನ ಯಂತ್ರಕ್ಕೆ ಕೊಟ್ಟು, ಎಲ್ಲರನ್ನೂ ಹಸುರಾದ ಒಂದು ಗ್ರಹಕ್ಕೆ ಮುಟ್ಟಿಸಿ, ತಾನು ಯಾರೆಂಬುದನ್ನು ಹೇಳದೆ, ಬಯಲಿನಲ್ಲಿ ನಿಂತಲ್ಲಿಯೇ ಮಾಯವಾಗುತ್ತಾಳೆ. ಅವಳು ದೇವದೂತಿಯೋ, ಪ್ರೇತವೋ, ಬರೆದವರ ಅಸಡ್ಡೆಯೋ? ಆ ಹಾಡು ಆ ಲೋಕಕ್ಕೆ ಹೇಗೆ ಬಂದಿತು? ಅಭಿಮಾನಿಗಳು ಇಂದಿಗೂ ಒಂದಾಗಿಲ್ಲ. ಮಾಯಾಬಜಾರಿನ ಸಂಗೀತವು ಕಥೆಯ ಗಂಟನ್ನು ಬಿಚ್ಚುವ ಗೋಜಿಗೆ ಹೋಗಲಿಲ್ಲ, ಆ ಗಂಟು ಪ್ರೇಕ್ಷಕನ ಕಣ್ಣಿಗೆ ಬೀಳದಂತೆ ನೋಡಿಕೊಂಡಿತು. ಅಮೆರಿಕದವರು ಸಂಗೀತದ ಕೈಗೇ ಬೀಗದ ಕೈಯನ್ನು ಕೊಟ್ಟು, ಬಾಗಿಲು ತೆರೆದ ಮೇಲೆ ಕಾರಣವನ್ನೂ ಅದರಿಂದಲೇ ಹೇಳಿಸಲು ಯತ್ನಿಸಿದರು. ಸ್ವರಕ್ಕೆ ಕಾರಣ ಹೇಳುವ ಶಕ್ತಿಯಿಲ್ಲ. ಈ ವಿಷಯದಲ್ಲಿ ಕರಾವಳಿಯ ನಾಟಕದವರು ಹೆಚ್ಚು ಜಾಣರೆಂದೇ ನ್ಯಾಯವಾಗಿ ಹೇಳಬೇಕು.

ಆದರೆ ಆ ಅಮೆರಿಕದ ಧಾರಾವಾಹಿಯ ಪ್ರತಿಯೊಂದು ಕಂತೂ ಪ್ರತಿಯೊಂದು ಸ್ವರವೂ ಮುಂದಿನವರ ಪರೀಕ್ಷೆಗೆ ದೊರೆಯುವಂತೆ ಭದ್ರವಾಗಿವೆ. ಎರಡನೆಯ ಕೃಷ್ಣನು ಒಂದು ರಾತ್ರಿ ಎಳೆದ ರಾಗಕ್ಕೆ ಕೇಳಿದವರ ನೆನಪನ್ನು ಬಿಟ್ಟರೆ ಸಾಕ್ಷಿಯಿಲ್ಲ, ಕೇಳಿದವರೂ ಈಗ ವಿರಳ. ಬಳ್ಳಾರಿ, ರಾಯದುರ್ಗ, ಆದವಾನಿಗಳ ಕನ್ನಡದ ಮನೆಗಳಲ್ಲಿ ತಾತಂದಿರ ಪೆಟ್ಟಿಗೆಯ ತಳದಲ್ಲಿ ಹಳೆಯ ನಾಟಕದ ಕರಪತ್ರವೋ, ಪದ್ಯಗಳ ಕೈಬರಹದ ಪುಸ್ತಕವೋ, ಸೀಳುಬಿಟ್ಟ ಪ್ಲೇಟೋ ಸಿಕ್ಕಿದರೆ ಅದನ್ನು ಹಳೆಯ ಕಾಗದದವನಿಗೆ ತೂಗಿ ಕೊಡಬೇಡಿ. ಅದರಲ್ಲಿ ಹಾರ್ಮೋನಿಯಂ ನುಡಿಸಿದವನ ಹೆಸರಿದ್ದರೆ ಬರೆದಿಟ್ಟುಕೊಳ್ಳಿ, ಹತ್ತಿರದ ಕಾಲೇಜಿನ ಗ್ರಂಥಾಲಯಕ್ಕೆ ಒಂದು ಪ್ರತಿಯನ್ನಾದರೂ ಮುಟ್ಟಿಸಿ.